ಗಾಳಿ ಇಲ್ಲದ ದಿನದ ರೇಸ್

ಹೈದರಾಬಾದಿನ ಹುಸೇನ್ ಸಾಗರ ಕೆರೆಯ ದಡದಲ್ಲಿ, ಸಂಜೀವಯ್ಯ ಪಾರ್ಕಿನಲ್ಲಿ, 88 ಮೀಟರ್ ಎತ್ತರದ ಧ್ವಜಸ್ತಂಭವಿದೆ. ಆ ಫೆಬ್ರವರಿ ಭಾನುವಾರ ಬೆಳಗ್ಗೆ ಅಲ್ಲಿನ ಬಾವುಟ ಮಿಸುಕಾಡಲೂ ಇಲ್ಲ. ಅಷ್ಟು ಎತ್ತರದಲ್ಲೇ ಗಾಳಿ ಇಲ್ಲ ಅಂದರೆ ನೀರಿನ ಮಟ್ಟದಲ್ಲಿ ಇನ್ನೂ ಕಡಿಮೆ. ಹಾಯಿದೋಣಿ ರೇಸ್ ರದ್ದಾಗಬಹುದು ಅಂತ ಕೆಲವರು ದೋಣಿಯನ್ನು ನೀರಿಗೇ ಇಳಿಸಲಿಲ್ಲ. ನನಗೆ ಇಂಥ ದಿನಗಳೇ ಇಷ್ಟ. ಜೋರು ಗಾಳಿಯಲ್ಲಿ ತೋಳಿನ ಬಲ ಗೆಲ್ಲುತ್ತದೆ. ಮಂದ ಗಾಳಿಯಲ್ಲಿ ಕೈ ಸುಮ್ನೆ ಇಟ್ಟುಕೊಂಡವನು ಗೆಲ್ಲುತ್ತಾನೆ.

ನನ್ನದು ಲೇಸರ್ ದೋಣಿ. ಈಗ ಐಎಲ್‌ಸಿಎ ಅಂತಾರೆ. 4.2 ಮೀಟರ್ ಉದ್ದ, ಒಂದೇ ಹಾಯಿ, ಓಡಿಸುವವನೂ ಒಬ್ಬನೇ. ಚೆನ್ನೈನ ನೇತ್ರಾ ಕುಮನನ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಓಡಿಸಿದ್ದೂ ಇದೇ ದೋಣಿಯನ್ನು, ಹಾಯಿ ಮಾತ್ರ ಚಿಕ್ಕದು. ಖಾಲಿ ದೋಣಿ 59 ಕಿಲೋ. ಅಂದರೆ ಅದರಲ್ಲಿ ಎಲ್ಲಕ್ಕಿಂತ ಭಾರವಾದ ಸಾಮಾನು ನಾನೇ! ಹಾಗಾಗಿ ಎಲ್ಲಿ ಕೂರುತ್ತೇನೆ ಅನ್ನುವುದೇ ಅರ್ಧ ರೇಸ್.

ನಾನು ಡ್ಯಾಗರ್‌ಬೋರ್ಡ್ (ದೋಣಿಯ ನಡುವೆ ನೀರಿಗೆ ಇಳಿಬಿಟ್ಟ ಹಲಗೆ) ಪಕ್ಕಕ್ಕೆ ಸರಿದು ಮುದುರಿ ಕೂತೆ. ಮುಂದೆ ಕೂತರೆ ಅಗಲವಾದ ಹಿಂಭಾಗ ನೀರಿನಿಂದ ಸ್ವಲ್ಪ ಮೇಲೇಳುತ್ತದೆ. ಆಮೇಲೆ ದೋಣಿಯನ್ನು ಹಾಯಿ ಇರುವ ಕಡೆಗೆ ತುಸು ವಾಲಿಸಿದೆ. ವೇಗ ಕಡಿಮೆ ಇದ್ದಾಗ ದೋಣಿಯನ್ನು ಹಿಡಿದಿಡುವುದು ಅಲೆಗಿಂತ ಜಾಸ್ತಿ ನೀರಿನ ಉಜ್ಜಾಟ. ವಾಲಿಸಿದರೆ ನೀರಿಗೆ ತಾಗುವ ಮೈ ಕಡಿಮೆಯಾಗುತ್ತದೆ. ಹಾಯಿ ಕೂಡ ತನ್ನ ಭಾರಕ್ಕೆ ತಾನೇ ಜೋತು ಆಕಾರಕ್ಕೆ ಬರುತ್ತದೆ, ಗಾಳಿ ಅದನ್ನು ತುಂಬುವ ಶ್ರಮ ಉಳಿಯುತ್ತದೆ. ಮೊಣಕಾಲಿನ ಗತಿ ಮಾತ್ರ ಕೇಳಬೇಡಿ.

ಗಾಳಿ ಕಡಿಮೆ ಇದ್ದರೆ ಹಾಯಿಗೆ ಹೊಟ್ಟೆ ಜಾಸ್ತಿ ಇರಬೇಕು ಅಂತ ತುಂಬಾ ಜನ ನಂಬಿದ್ದಾರೆ. ಸ್ವಲ್ಪ ಗಾಳಿ ಇರುವಾಗ ಅದು ಸರಿ. ಆದರೆ ಇಷ್ಟು ಸೋತ ಗಾಳಿ ಆಳವಾದ ತಿರುವಿನ ಗುಂಟ ಹರಿಯಲಾರದು, ಅರ್ಧದಲ್ಲೇ ಹಾಯಿಯನ್ನು ಬಿಟ್ಟು ಹೋಗುತ್ತದೆ. ಹಾಯಿಯ ಕೆಳಅಂಚನ್ನು ಬಿಗಿಯುವ ಹಗ್ಗ, ಅಂದರೆ ಔಟ್‌ಹಾಲ್, ಎಳೆದು ಹಾಯಿಯನ್ನು ತುಸು ಚಪ್ಪಟೆ ಮಾಡಿದೆ. ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆ ಜಗ್ಗುವ ಹಗ್ಗ, ಕನ್ನಿಂಗ್‌ಹ್ಯಾಮ್, ಪೂರ್ತಿ ಸಡಿಲ. ಹಾಯಿಯನ್ನು ಒಳಕ್ಕೆಳೆಯುವ ಹಗ್ಗ ಮೇನ್‌ಶೀಟನ್ನೂ ಬಿಗಿಯಾಗಿ ಎಳೆಯಲಿಲ್ಲ. ಟಿಲ್ಲರ್‌ (ಚುಕ್ಕಾಣಿಯ ಹಿಡಿ) ಮೇಲೆ ಎರಡೇ ಬೆರಳು. ಚುಕ್ಕಾಣಿ ತಿರುಗಿಸಿದಷ್ಟೂ ಅದು ಬ್ರೇಕು, ಅಲ್ವಾ?

ನನ್ನ ಮುಂದೆ ಒಬ್ಬ ಹುಡುಗನಿದ್ದ, ಕ್ಲಬ್ಬಿನಲ್ಲೇ ಕಲಿತವನು. ನನ್ನ ಅರ್ಧದಷ್ಟು ತೂಕ ಇರಬಹುದು. ಅವನ ತಲೆ ಮಾತ್ರ ತಿರುಗುತ್ತಿತ್ತು, ಮೈ ಅಲುಗುತ್ತಿರಲಿಲ್ಲ. ಅಷ್ಟರಲ್ಲಿ ಲುಂಬಿನಿ ಪಾರ್ಕಿನಿಂದ ಬುದ್ಧನ ಪ್ರತಿಮೆಗೆ ಜನರನ್ನು ಒಯ್ಯುವ ಲಾಂಚ್ ಹಾದುಹೋಯಿತು. ಗಾಳಿ ಇಲ್ಲದ್ದಕ್ಕಿಂತ ನಮಗೆ ದೊಡ್ಡ ಶತ್ರು ಆ ಲಾಂಚಿನ ಅಲೆ. ದೋಣಿ ಕುಲುಕಿದರೆ ಹಾಯಿಯೊಳಗಿನ ಚೂರುಪಾರು ಗಾಳಿಯೂ ಚೆಲ್ಲಿಹೋಗುತ್ತದೆ. ಹುಡುಗ ಅಲೆ ಮುಟ್ಟುವ ಮೊದಲೇ ದೋಣಿಯ ಮೂತಿಯನ್ನು ಗಾಳಿಯಿಂದ ತುಸು ಆಚೆ ತಿರುಗಿಸಿ ವೇಗ ಕೂಡಿಸಿಕೊಂಡ. ನಾನೂ ಹಾಗೇ ಮಾಡಿದೆ. ಪಕ್ಕದವರು ಗುರಿಯ ಕಡೆಗೇ ಮೂತಿ ಇಟ್ಟಿದ್ದರು. ಅಲೆ ಬಂದಾಗ ಅಲ್ಲೇ ನಿಂತರು.

ನೆಕ್ಲೆಸ್ ರೋಡಿನ ಕಡೆ ನೀರು ಒಂದಿಷ್ಟು ಕಪ್ಪಾಗಿತ್ತು. ಕಪ್ಪು ಅಂದರೆ ಸಣ್ಣ ತೆರೆ, ತೆರೆ ಅಂದರೆ ಗಾಳಿ. ದಾರಿ ಸುತ್ತಾದರೂ ಇಬ್ಬರೂ ಅಲ್ಲಿಗೆ ಹೋದೆವು. ನಡುವೆ ದೋಣಿ ಯಾಕೋ ಜಗ್ಗಿದಂತಾಯಿತು. ಡ್ಯಾಗರ್‌ಬೋರ್ಡ್ ಎತ್ತಿದರೆ ಪ್ಲಾಸ್ಟಿಕ್ ಚೀಲ. ಈ ಕೆರೆಯಲ್ಲಿ ಅದು ಮಾಮೂಲಿ.

ದಿಕ್ಕು ಬದಲಿಸುವಾಗ ದೋಣಿಯನ್ನು ಒಮ್ಮೆ ಹೊರಳಿಸಿ, ದಾಟಿ ಕೂತು, ನೆಟ್ಟಗೆ ಮಾಡುವುದಕ್ಕೆ ರೋಲ್ ಟ್ಯಾಕ್ ಅಂತಾರೆ. ಹಾಯಿ ಗಾಳಿಯನ್ನು ಒಮ್ಮೆ ಬೀಸಿದ ಹಾಗೆ ಆಗುತ್ತದೆ, ತಿರುಗುವಾಗ ಕಳೆದ ವೇಗ ವಾಪಸ್ ಸಿಗುತ್ತದೆ. ಅಷ್ಟಕ್ಕೆ ಅನುಮತಿ ಇದೆ. ಮೊದಲಿಗಿಂತ ಜಾಸ್ತಿ ವೇಗ ಗಿಟ್ಟಿಸುವ ಹಾಗಿಲ್ಲ, ಮತ್ತೆ ಮತ್ತೆ ತೂಗಾಡಿಸಿ ಮುಂದೆ ಹೋಗುವ ಹಾಗೂ ಇಲ್ಲ. ರೇಸಿಂಗ್ ನಿಯಮ 42 ಇರುವುದೇ ಅದಕ್ಕೆ. ಹಿಂದೆ ಒಬ್ಬರು ತೊಟ್ಟಿಲು ತೂಗಿದ ಹಾಗೆ ತೂಗುತ್ತಿದ್ದರು. ತೀರ್ಪುಗಾರರ ಸೀಟಿ ಬಿತ್ತು. ದಂಡವಾಗಿ ದೋಣಿಯನ್ನು ಎರಡು ಸುತ್ತು ತಿರುಗಿಸಬೇಕು. ಆ ಗಾಳಿಯಲ್ಲಿ ಎರಡು ಸುತ್ತು! ಅವರು ಸುತ್ತಿ ಮುಗಿಸುವಷ್ಟರಲ್ಲಿ ನಾವು ನೀರಲ್ಲಿ ತೇಲುವ ಗುರುತಿನ ಬುರುಡೆ ದಾಟಿದ್ದೆವು.

ಕೊನೆಗೆ ದಾರಿಯನ್ನು ಮೊಟಕು ಮಾಡಿ ರೇಸ್ ಮುಗಿಸಿದರು. ಹುಡುಗ ಮೊದಲು, ನಾನು ಮೂರನೆಯವನು. ದಡಕ್ಕೆ ಬಂದಾಗ ಅವನು ಆಗಲೇ ದೋಣಿ ಮಗುಚಿ ತಳ ಉಜ್ಜುತ್ತಿದ್ದ. ಇಲ್ಲಿನ ನೀರಿನ ಜಿಡ್ಡು ಒಣಗಿದರೆ ಬಿಡುವುದಿಲ್ಲ, ಜಿಡ್ಡಿದ್ದರೆ ಮುಂದಿನ ವಾರ ದೋಣಿ ಓಡುವುದಿಲ್ಲ. "ಅಂಕಲ್, ನಿಮ್ಮದೂ ಮಗುಚಿ" ಅಂತ ಒಂದು ಸ್ಪಂಜು ಎಸೆದ.