ಪರ್ವರಿಯ ಸ್ಲ್ಯಾಬ್ ಮೇಲೆ ನಿಂತ ನೀರು

ಗೋವಾದ ಪರ್ವರಿಯಲ್ಲಿ ಕಟ್ಟುತ್ತಿರುವ ಕಟ್ಟಡದ ನಾಲ್ಕನೇ ಮಹಡಿ. ಸ್ಲ್ಯಾಬ್ ಮೇಲೆ ಸಣ್ಣ ಒಡ್ಡು ಕಟ್ಟಿ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲಿ ಅಂತ, ನೀರು ನಿಲ್ಲಿಸಿದ್ದರು. ಬಿಳಿ ಡಿಪ್ಪರ್, ಅಂದರೆ ಉದ್ದ ಹಿಡಿಯ ಸೌಟು, ಮುಳುಗಿಸಿ ಎತ್ತಿದೆ. ಹನ್ನೊಂದು ಸೊಳ್ಳೆ ಮರಿಗಳು! ನೀರಿನ ಮೇಲ್ಮೈಗೆ ಅಂಟಿದಂತೆ ಅಡ್ಡಡ್ಡ ಮಲಗಿದ್ದವು. ಡೆಂಗ್ಯೂ ಹರಡುವ ಸೊಳ್ಳೆಯ ಮರಿ ತಲೆಕೆಳಗಾಗಿ ನೇತಾಡುತ್ತದೆ. ಹೀಗೆ ಮಲಗಿದ್ದರೆ ಅದು ಅನಾಫಿಲಿಸ್, ಮಲೇರಿಯಾದ್ದು.

"ಅಕ್ಕಾರ, ನೀರಾಗ ಏನ್ ಹುಡುಕಾಕತ್ತೀರಿ?"

ಕುಷ್ಟಗಿ ಕಡೆಯ ಮೇಸ್ತ್ರಿ. "ಗುಂಗಾಡ ಮರಿ ನೋಡಾಕತ್ತೀನಿ" ಅಂದೆ. ಕನ್ನಡ ಕೇಳಿದ್ದೇ ಮುಖ ಅರಳಿತು.

ನಾನು ಹಾವೇರಿಯವಳು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಪಿಎಚ್‌ಡಿ ಮುಗಿಸಿ, ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದು ಅಂತ ಗೋವಾದಲ್ಲಿ ಒಂಬತ್ತು ವರ್ಷ ಆಯಿತು. ಡಾಕ್ಟರ್ ಅಂತೀಯಲ್ಲ, ಸೂಜಿ ಹಾಕಲ್ವಾ ಅಂತ ಊರಲ್ಲಿ ಕೇಳುತ್ತಾರೆ. ನನ್ನ ಸೂಜಿ ಸೊಳ್ಳೆ ಬಿಡಿಸೋಕೆ. ಒಂದು ಹನಿ ಉಪ್ಪುನೀರಲ್ಲಿ ಹೆಣ್ಣು ಸೊಳ್ಳೆ ಇಟ್ಟು, ಮೈಕ್ರೋಸ್ಕೋಪ್ ಕೆಳಗೆ ಎರಡು ಸೂಜಿಯಿಂದ ತಲೆಯನ್ನು ಮೆಲ್ಲಗೆ ಎಳೆಯಬೇಕು. ಕೈ ಅಲುಗದಿದ್ದರೆ ಜೊಲ್ಲಿನ ಗ್ರಂಥಿಗಳು ತಲೆಯ ಜೊತೆಗೇ ಬರುತ್ತವೆ, ಗಾಜಿನ ಹಾಗೆ. ಅವನ್ನು ಒಡೆದಾಗ ಸಣ್ಣ, ಬಾಗಿದ ಎಳೆಗಳು ಕಂಡರೆ ಅದೇ ಮಲೇರಿಯಾ ಜೀವಿ. ನೂರಾರು ಸೊಳ್ಳೆ ಬಿಡಿಸಿದ ಮೇಲೆ ಮೊದಲ ಸಲ ಅದು ಕಂಡ ದಿನ ಮೈ ಜುಮ್ಮೆಂದಿತ್ತು. 1897ರ ಆಗಸ್ಟ್ 20ರಂದು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಬಿಡಿಸಿ ಈ ಜೀವಿಯ ಗಂಟುಗಳನ್ನು ನೋಡಿದಾಗ ಎಷ್ಟು ಹಿಗ್ಗಿದ್ದನೋ!

ಆದರೆ ಈ ಕೆಲಸದ ಕಷ್ಟ ಲ್ಯಾಬಿನಲ್ಲಿಲ್ಲ. ಸ್ಲ್ಯಾಬ್ ನೀರನ್ನು ವಾರಕ್ಕೊಮ್ಮೆ ಪೂರ್ತಿ ಹೊರಬಿಟ್ಟರೆ ಮರಿ ಸೊಳ್ಳೆಯಾಗುವ ಮೊದಲೇ ಸಾಯುತ್ತದೆ. ಮೇಸ್ತ್ರಿ ಕೂಡಲೇ ಒಪ್ಪಿ ಸಲಿಕೆ ತಂದ. ಅವನ ಹೆಂಡತಿ ಮಾತ್ರ ಗುಳಿಗೆ ನುಂಗೋಕೆ ಒಪ್ಪಲಿಲ್ಲ. ಆಕೆಗೆ ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ ಆಗಿತ್ತು. ಪ್ರೈಮಾಕ್ವಿನ್ ಗುಳಿಗೆ 14 ದಿನ ನುಂಗಬೇಕು. ಐದನೇ ದಿನಕ್ಕೇ ನಿಲ್ಲಿಸಿದ್ದಳು.

"ಜ್ವರ ಬಿಟ್ಟೈತ್ರಿ. ಇನ್ಯಾಕ ಗುಳಿಗಿ?"

ರಕ್ತದಿಂದ ಹೋದರೂ ವೈವಾಕ್ಸ್ ಲಿವರಿನಲ್ಲಿ ತಿಂಗಳುಗಟ್ಟಲೆ ಸುಮ್ನೆ ಮಲಗಿರುತ್ತದೆ, ಮತ್ತೆ ಏಳುತ್ತದೆ. ಸುಗ್ಗಿಗೆ ಊರಿಗೆ ಹೋದಾಗ ಅಲ್ಲೂ ಜ್ವರ ಬರಬಹುದು, ಅಲ್ಲಿನ ಸೊಳ್ಳೆಗೂ ಸಿಗಬಹುದು. ಇದನ್ನು ಹೇಗೆ ಹೇಳೋದು? ನಮ್ಮ ಹೊಲ ನೆನಪಾಯಿತು.

"ಯವ್ವಾ, ಕರಕಿ ಮ್ಯಾಲ ಮ್ಯಾಲ ಕಿತ್ರ ಹೋಗ್ತೈತೇನ?"

"ಎಲ್ಲೀದ್ರಿ, ಬೇರು ಉಳಿದ್ರ ಮತ್ತ ಚಿಗಿತೈತಿ."

"ಇದೂ ಹಂಗ."

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಒಂಬತ್ತು ದಿನದ ಗುಳಿಗೆ ಹಾಗೇ ಇದ್ದವು. ನೀರಿನ ಚೊಂಬು ನಾನೇ ತಂದುಕೊಟ್ಟೆ.