ಕಾರಿನ ಗೀರು, ಡೆಂಟ್‌ಗೆಂದೇ ಬೇರೆ ಇನ್ಶೂರೆನ್ಸ್: ತಗೊಳ್ಳಬೇಕಾ, ಬೇಡವಾ?

ಹೊಸ ಕಾರು ಬುಕ್ ಮಾಡಿದವರಿಂದ ತಪ್ಪದೆ ಬರುವ ಪ್ರಶ್ನೆ ಇದು: ‘ಗೀರು, ಸಣ್ಣ ಡೆಂಟ್ ಆದರೆ ಸರಿಮಾಡಿಕೊಡುವ ಕವರ್ ಒಂದಿದೆ, ಮೂರು ವರ್ಷಕ್ಕೆ ಒಟ್ಟಿಗೆ ದುಡ್ಡು ಕಟ್ಟಬೇಕು ಅಂತಾರೆ. ಮಾಮೂಲಿ ಇನ್ಶೂರೆನ್ಸ್ ಮೇಲೆ ಇದೂ ಬೇಕಾ?’ ಹೆಚ್ಚಿನವರಿಗೆ ನನ್ನ ಉತ್ತರ ‘ಬೇಡ’. ಆದರೆ ಕೆಲವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನೀವು ಯಾವ ಗುಂಪಿಗೆ ಸೇರುತ್ತೀರಿ ಅನ್ನುವುದನ್ನು ಕಾರಿನ ಬೆಲೆ ನೋಡಿ ತೀರ್ಮಾನಿಸಬೇಡಿ. ಕೈಯಿಂದಲೇ ದುಡ್ಡು ಹಾಕಬೇಕಿದ್ದರೆ ಯಾವ ಗೀರನ್ನು ರಿಪೇರಿ ಮಾಡಿಸುತ್ತಿದ್ದಿರಿ, ಯಾವುದನ್ನು ಹಾಗೇ ಬಿಡುತ್ತಿದ್ದಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮಾಮೂಲಿ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲೂ ಗೀರು, ಡೆಂಟ್‌ಗೆ ಕ್ಲೇಮ್ ಮಾಡಬಹುದು. ಆದರೆ ಪ್ರತಿ ಕ್ಲೇಮಿನಲ್ಲೂ ಮೊದಲ ಒಂದಷ್ಟು ಮೊತ್ತವನ್ನು ನೀವೇ ಭರಿಸಬೇಕು, ಜೊತೆಗೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಕಡಿಮೆಯಾಗಬಹುದು ಅಥವಾ ಪೂರ್ತಿ ಹೋಗಬಹುದು. ಬಾಗಿಲ ಮೇಲಿನ ಒಂದು ಗೀರಿಗಾಗಿ ಅಷ್ಟು ಬಿಟ್ಟುಕೊಡುವುದು ಗಿಟ್ಟುವುದಿಲ್ಲ. ಈ ನಡುವಿನ ಜಾಗಕ್ಕೆಂದು ಬಂದದ್ದು ಕಾಸ್ಮೆಟಿಕ್ ಕವರ್. ಇದರಲ್ಲಿ ಮಾಡುವ ಕ್ಲೇಮು ಸಾಮಾನ್ಯವಾಗಿ ಮುಖ್ಯ ಪಾಲಿಸಿಯ ಬೋನಸ್ಸನ್ನು ಮುಟ್ಟುವುದಿಲ್ಲ, ಕೈಯಿಂದ ಕಟ್ಟುವ ಪಾಲೂ ಸಣ್ಣದು. ಮಾರುವವರು ಇವೆರಡನ್ನೂ ಎತ್ತಿ ಹೇಳುತ್ತಾರೆ, ಹೇಳುವುದು ನಿಜವೇ. ಆದರೆ ಸಣ್ಣ ಗೀರಿಗೆ ಮುಖ್ಯ ಪಾಲಿಸಿಯನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿ ಕಾಸ್ಮೆಟಿಕ್ ಕವರನ್ನು ಹೋಲಿಸಬೇಕಾದದ್ದು ನೇರವಾಗಿ ಗ್ಯಾರೇಜಿಗೆ ಹೋಗಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುವುದರ ಜೊತೆಗೆ.

ಈ ಕವರುಗಳು ನಡೆಯುವುದು ಸ್ಮಾರ್ಟ್ ರಿಪೇರಿ ಎಂಬ ಪದ್ಧತಿಯ ಮೇಲೆ. ಇಡೀ ಪ್ಯಾನೆಲ್ಲಿಗೆ (ಬಾಗಿಲು, ಬಾನೆಟ್ಟಿನಂಥ ಒಂದು ಪೂರ್ತಿ ಭಾಗಕ್ಕೆ) ಪೇಂಟ್ ಹೊಡೆಯದೆ, ಪೆಟ್ಟು ಬಿದ್ದ ಜಾಗವನ್ನಷ್ಟೇ ಉಜ್ಜಿ, ಬಣ್ಣ ಹೊಡೆದು, ಅಂಚನ್ನು ಸುತ್ತಲಿನ ಹಳೆಯ ಪೇಂಟಿನೊಳಗೆ ಕರಗಿಸಿಬಿಡುವ ಕೆಲಸ. ತಂತ್ರಜ್ಞ ನಿಮ್ಮ ಮನೆ ಅಂಗಳಕ್ಕೇ ಬಂದು ಕೆಲವು ಗಂಟೆಗಳಲ್ಲಿ ಮುಗಿಸಬಹುದು. ಪೇಂಟ್ ಒಡೆಯದ ಡೆಂಟ್ ಆದರೆ ಒಳಗಿನಿಂದ ಸರಳು ತೂರಿಸಿ ಮೆಲ್ಲಗೆ ಒತ್ತಿ, ಇಲ್ಲವೇ ಹೊರಗಿನಿಂದ ಅಂಟು ಹಚ್ಚಿದ ಬಿಲ್ಲೆಯಿಂದ ಎಳೆದು, ಪೇಂಟೇ ಮುಟ್ಟದೆ ತೆಗೆಯುತ್ತಾರೆ. ಈ ಪದ್ಧತಿಗೆ ಎಷ್ಟು ಸಾಧ್ಯವೋ ಪಾಲಿಸಿಯ ಕೈಯೂ ಅಷ್ಟೇ ಉದ್ದ. ತಕರಾರುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಪೇಂಟಿನ ರಚನೆ ಗೊತ್ತಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾರ್ಖಾನೆಯಿಂದ ಬಂದ ಪೇಂಟಿನ ಒಟ್ಟು ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ಬಿಳಿ ಹಾಳೆಯಷ್ಟು. ಅದರಲ್ಲೇ ನಾಲ್ಕು ಪದರ: ಲೋಹಕ್ಕೆ ತಾಗಿದ ತುಕ್ಕುನಿರೋಧಕ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಹೊಳಪು ಕೊಡುವ ಕ್ಲಿಯರ್ ಕೋಟ್. ಬಣ್ಣದ ಪದರ 15 ಮೈಕ್ರಾನ್ ಆಸುಪಾಸು ಅಷ್ಟೇ, ಕ್ಲಿಯರ್ ಕೋಟ್ 35ರಿಂದ 50. ಗೀರು ಯಾವ ಪದರದವರೆಗೆ ಇಳಿದಿದೆ ಅನ್ನುವುದು ಖರ್ಚನ್ನು ನಿರ್ಧರಿಸುತ್ತದೆ. ಜಾಗವನ್ನು ತೊಳೆದು, ಅದರ ಮೇಲೆ ನೀರು ಚಿಮುಕಿಸಿ ನೋಡಿ. ಒದ್ದೆ ಇರುವಾಗ ಗೀರು ಮಾಯವಾದರೆ ಅದು ಕ್ಲಿಯರ್ ಕೋಟಿನಲ್ಲೇ ಇದೆ, ಪಾಲಿಶ್ ಮಾಡಿದರೆ ಹೋಗುತ್ತದೆ. ಒದ್ದೆಯಲ್ಲೂ ಬಿಳಿ ಅಥವಾ ಬೂದು ಗೆರೆ ಕಂಡರೆ, ಉಗುರನ್ನು ಅಡ್ಡ ಎಳೆದಾಗ ಸಿಕ್ಕಿಹಾಕಿಕೊಂಡರೆ, ಬಣ್ಣದ ಪದರ ಹರಿದಿದೆ, ಪೇಂಟ್ ಬೇಕು.

ಪಾರ್ಕಿಂಗಿನಲ್ಲಿ ಬಟ್ಟೆ, ಚೀಲ ಉಜ್ಜಿ ಆಗುವ ಗೀರುಗಳಲ್ಲಿ ಬಹಳಷ್ಟು ಮೊದಲನೇ ಜಾತಿಯವು. ಪಕ್ಕದ ಕಾರಿನ ಬಂಪರ್ ತಗುಲಿ ಉಳಿದ ಬಿಳಿ ಪಟ್ಟೆಯೂ ಎಷ್ಟೋ ಸಲ ಆ ಕಾರಿನ ಪೇಂಟು ನಿಮ್ಮ ಕಾರಿಗೆ ಅಂಟಿಕೊಂಡದ್ದು. ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿದರೆ ಹೋಗುತ್ತದೆ. ಇಂಥವಕ್ಕೆ ಕ್ಲೇಮ್ ಹಾಕಿ, ಕೈಯಿಂದ ಪಾಲು ಕಟ್ಟಿ, ವರ್ಷಕ್ಕೆ ಸಿಗುವ ಕ್ಲೇಮುಗಳಲ್ಲಿ ಒಂದನ್ನು ಖರ್ಚುಮಾಡಿಕೊಳ್ಳುವುದು ನಷ್ಟ.

ಇನ್ನು ಮಿತಿಗಳ ಕಡೆ. ಈ ಬಗೆಯ ಹಲವು ಪಾಲಿಸಿಗಳಲ್ಲಿ ಕಾಣುವ ಅಳತೆ: ಉದ್ದ 30 ಸೆಂಟಿಮೀಟರ್ ಒಳಗೆ, ಆಳ 3 ಮಿಲಿಮೀಟರ್ ಒಳಗೆ, ಪೆಟ್ಟು ಹರಡಿರುವುದು ಒಂದಕ್ಕೊಂದು ತಾಗಿದ ಎರಡು ಪ್ಯಾನೆಲ್ಲಿಗಿಂತ ಹೆಚ್ಚಾಗಿರಬಾರದು. ಘಟನೆ ನಡೆದ ಇಂತಿಷ್ಟು ದಿನದೊಳಗೆ ತಿಳಿಸಬೇಕು, ಹೆಚ್ಚಾಗಿ 14 ಅಥವಾ 30. ವರ್ಷಕ್ಕೆ ಇಷ್ಟೇ ಕ್ಲೇಮ್ ಅಥವಾ ಒಟ್ಟು ಇಷ್ಟೇ ಮೊತ್ತ ಎಂಬ ಮೇಲ್ಮಿತಿ ಇರುತ್ತದೆ. ಕಲ್ಲು ಚಿಮ್ಮಿ ಆದ ಚುಕ್ಕೆಗಳಿಗೆ ಬೇರೆಯೇ ಅಳತೆ. ಆಲಿಕಲ್ಲಿನ ಪೆಟ್ಟು, ತುಕ್ಕು, ಮ್ಯಾಟ್ ಪೇಂಟ್, ಕ್ರೋಮ್ ಪಟ್ಟಿ, ಸ್ಟಿಕ್ಕರ್, ಲೈಟು, ಗಾಜು, ಕನ್ನಡಿ ಇವೆಲ್ಲ ಸಾಮಾನ್ಯವಾಗಿ ಹೊರಗೆ. ಅಲಾಯ್ ವೀಲಿನ ಗೀರಿಗೆ ಬೇರೆ ಪಾಲಿಸಿಯನ್ನೇ ಮಾರುತ್ತಾರೆ. ಬ್ರೋಶರಿನಲ್ಲಿ ಇವು ಒಂದು ಸಾಲಿನಲ್ಲಿ ಮುಗಿದಿರುತ್ತವೆ, ಆದ್ದರಿಂದ ಸಹಿಗೆ ಮುಂಚೆ ಪಾಲಿಸಿಯ ಪೂರ್ತಿ ಪಠ್ಯ ಕೇಳಿ. ಕೊಡದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.

ಮಿತಿಗಳು ನಿಮ್ಮ ಜೀವನಕ್ಕೆ ಹೊಂದುತ್ತವೆಯೇ ಎಂದು ತಿಳಿಯಲು ನಾನು ಎಲ್ಲರಿಗೂ ಹೇಳುವ ಒಂದು ಪರೀಕ್ಷೆ ಇದೆ. ಈಗ ಓಡಿಸುತ್ತಿರುವ ಹಳೆಯ ಕಾರನ್ನು ತೊಳೆದು, ಕೈಯಲ್ಲಿ ಅಳತೆ ಟೇಪು ಹಿಡಿದು ಸುತ್ತು ಬನ್ನಿ. ಪ್ರತಿ ಗಾಯದ ಉದ್ದ, ಜಾಗ ಬರೆದುಕೊಳ್ಳಿ. ಹಿಂದಿನ ಬಂಪರಿನ ಮೂಲೆ ಗೋಡೆಗೆ ಉಜ್ಜಿ 40 ಸೆಂಟಿಮೀಟರ್ ಕಿತ್ತಿದೆಯೇ? ಹೊರಗೆ. ಬೀಗದ ಕೈಯಿಂದ ಯಾರೋ ಎರಡು ಬಾಗಿಲ ಉದ್ದಕ್ಕೂ ಗೆರೆ ಎಳೆದಿದ್ದಾರೆಯೇ? ಉದ್ದದ ಮಿತಿ ದಾಟಿತು, ಅದೂ ಹೊರಗೆ. ಬಂಪರಿನಲ್ಲಿ ಕೂದಲೆಳೆಯ ಬಿರುಕು ಇದೆಯೇ? ಬಿರುಕನ್ನು ಅಂದಗೆಟ್ಟದ್ದೆಂದು ಲೆಕ್ಕಹಾಕುವುದಿಲ್ಲ, ಒಡೆದದ್ದೆಂದು ಹೊರಗಿಡುತ್ತಾರೆ. ಬಾಗಿಲ ನಡುವೆ ಪಕ್ಕದ ಕಾರಿನ ಬಾಗಿಲು ತಗುಲಿ ಬಿದ್ದ 2 ಸೆಂಟಿಮೀಟರಿನ ಗುಳಿ? ಒಳಗೆ, ಇಂಥದ್ದಕ್ಕೆಂದೇ ಈ ಪಾಲಿಸಿ ಇರುವುದು. ಬಾನೆಟ್ಟಿನ ಮುಂಭಾಗದಲ್ಲಿ ಕಲ್ಲು ಚಿಮ್ಮಿ ಆದ ಚುಕ್ಕೆಗಳು? ಯಾವ ದಿನ ಬಿದ್ದವೆಂದು ನಿಮಗೇ ಗೊತ್ತಿಲ್ಲ, 30 ದಿನದೊಳಗೆ ತಿಳಿಸುವುದೆಲ್ಲಿ? ಸುತ್ತು ಮುಗಿಸುವ ಹೊತ್ತಿಗೆ ಉತ್ತರ ಅರ್ಧ ಸಿಕ್ಕಿರುತ್ತದೆ. ಹೊಸ ಕಾರನ್ನು ಓಡಿಸುವವರೂ ನೀವೇ, ನಿಲ್ಲಿಸುವುದೂ ಅದೇ ಜಾಗದಲ್ಲಿ.

ಲೆಕ್ಕ ಹೀಗೆ ಮಾಡಿ. ಒಂದು ಸಣ್ಣ ರಿಪೇರಿಯ ಖರ್ಚು 100 ಎಂದಿಟ್ಟುಕೊಳ್ಳಿ. ಮೂರು ವರ್ಷದ ಪ್ರೀಮಿಯಂ 300, ಪ್ರತಿ ಕ್ಲೇಮಿಗೆ ನೀವು ಕಟ್ಟುವುದು 10. ಒಂದು ಕ್ಲೇಮಿನಿಂದ ನಿಮಗೆ ಉಳಿಯುವುದು 90. ಮೂರು ಕ್ಲೇಮ್ ಆದರೂ 270, ಇನ್ನೂ ನಷ್ಟದಲ್ಲೇ ಇದ್ದೀರಿ. ನಾಲ್ಕನೆಯದು ಒಪ್ಪಿಗೆಯಾದಾಗ ಮಾತ್ರ ಲಾಭ ಶುರು. ಟೇಪಿನ ಪರೀಕ್ಷೆಯಲ್ಲಿ ಅರ್ಧದಷ್ಟು ಗಾಯಗಳು ಮಿತಿಯಿಂದ ಹೊರಗಿದ್ದವೆಂದರೆ, ನಾಲ್ಕು ಕ್ಲೇಮ್ ಒಪ್ಪಿಗೆಯಾಗಲು ಮೂರು ವರ್ಷದಲ್ಲಿ ಎಂಟು ಗಾಯಗಳಾಗಬೇಕು. ನಿಮ್ಮ ಊರಿನ ದರ ಹಾಕಿ ಇದೇ ಭಾಗಾಕಾರ ಮಾಡಿ: ರಿಪೇರಿ ಖರ್ಚಿನಲ್ಲಿ ಕೈಯಿಂದ ಕಟ್ಟುವ ಪಾಲನ್ನು ಕಳೆದು, ಉಳಿದದ್ದರಿಂದ ಪ್ರೀಮಿಯಮ್ಮನ್ನು ಭಾಗಿಸಿ. ಪ್ರೀಮಿಯಮ್ಮನ್ನು ಕಾರು ಸಾಲದೊಳಗೇ ಸೇರಿಸಿದ್ದರೆ ಅದರ ಮೇಲಿನ ಬಡ್ಡಿಯನ್ನೂ ಪ್ರೀಮಿಯಮ್ಮಿಗೆ ಕೂಡಿ. ಕಂತಿನಲ್ಲಿ ಅಡಗಿಕೊಂಡ ಈ ಬಡ್ಡಿಯನ್ನು ಯಾರೂ ನೋಡುವುದೇ ಇಲ್ಲ.

ಈ ಲೆಕ್ಕದೊಳಗೆ ಇನ್ನೊಂದು ವಿಷಯ ಇದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಒಂದು ಬಾಗಿಲಿಗೆ ಪೇಂಟ್ ಹೊಡೆಯುವ ಕೂಲಿ, ಸಾಮಾನು, ಮಾಸ್ಕಿಂಗ್ (ಪೇಂಟ್ ತಾಗಬಾರದ ಜಾಗವನ್ನು ಮುಚ್ಚುವುದು) ಎಲ್ಲ ಒಂದು ಗೀರಿಗೂ ಅಷ್ಟೇ, ಐದು ಗೀರಿಗೂ ಅಷ್ಟೇ. ಅದಕ್ಕೇ ತಿಳಿದವರು ಸಣ್ಣ ಗೀರುಗಳನ್ನು ಕೂಡಿಟ್ಟು, ಎರಡು ಮೂರು ವರ್ಷಕ್ಕೊಮ್ಮೆ ಅಥವಾ ಮಾರುವ ಮುಂಚೆ ಒಂದೇ ಸಲ ಮಾಡಿಸುತ್ತಾರೆ. ಪಾಲಿಸಿ ಅದಕ್ಕೆ ಬಿಡುವುದಿಲ್ಲ. 30 ದಿನದ ಗಡುವು ಪ್ರತಿ ಗೀರನ್ನೂ ಬೇರೆ ಬೇರೆಯಾಗಿ ರಿಪೇರಿಗೆ ತರಿಸುತ್ತದೆ. ಕಾರ್ಖಾನೆಯ ಪೇಂಟಿಗೆ ಕೈ ಹಾಕುವ ಸಂದರ್ಭಗಳು ಹೆಚ್ಚುತ್ತಾ ಹೋಗುತ್ತವೆ. ನಾಳೆ ಮಾರುವಾಗ ಕೊಳ್ಳುವವರು ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟರೆ ಬಾಗಿಲ ಒಂದು ಕಡೆ 120, ಇನ್ನೊಂದು ಕಡೆ 250 ಮೈಕ್ರಾನ್ ತೋರಿಸುತ್ತದೆ, ಆಗ ‘ಆಕ್ಸಿಡೆಂಟ್ ಆಗಿತ್ತಾ?’ ಎಂಬ ಪ್ರಶ್ನೆ ಬರುತ್ತದೆ. ಚಿಕ್ಕ ಗೀರನ್ನು ಸುಮ್ಮನೆ ಬಿಡುವುದು ಎಷ್ಟೋ ಸಲ ಕಾರಿಗೂ ಒಳ್ಳೆಯದು. ಲೋಹ ಕಾಣುವಷ್ಟು ಆಳ ಇದ್ದರೆ ಮಾತ್ರ ತಡಮಾಡಬಾರದು, ತುಕ್ಕು ಒಮ್ಮೆ ಪೇಂಟಿನ ಕೆಳಗೆ ಹಬ್ಬಿದರೆ ರಿಪೇರಿಯ ಗಾತ್ರವೇ ಬೇರೆಯಾಗುತ್ತದೆ.

ಸ್ಮಾರ್ಟ್ ರಿಪೇರಿ ಎಲ್ಲ ಕಡೆ ಚೆನ್ನಾಗಿ ಕೂರುವುದೂ ಇಲ್ಲ. ಬಂಪರಿನ ಮೂಲೆ, ಚಕ್ರದ ಕಮಾನಿನ ಅಂಚು, ಬಾಗಿಲ ಕೆಳಭಾಗ, ಇಲ್ಲೆಲ್ಲ ಕಣ್ಣು ನೇರ ಬೀಳದ ಕಾರಣ ಜೋಡಣೆಯ ಅಂಚು ಕಾಣುವುದಿಲ್ಲ. ಬಾನೆಟ್ಟಿನ ನಡುವೆ, ಟಾಪಿನ ಮೇಲೆ ಬಿಸಿಲು ಬಿದ್ದಾಗ ಹೊಸ ಕ್ಲಿಯರ್ ಕೋಟಿನ ಗಡಿ ಒಂದು ಮಸುಕು ವೃತ್ತದಂತೆ ಎದ್ದು ಕಾಣಬಹುದು. ಮೆಟಾಲಿಕ್ ಬಣ್ಣಗಳಲ್ಲಿ ಅಲ್ಯೂಮಿನಿಯಂ ಕಣಗಳು ಬೀಳುವ ಕೋನ ಸ್ವಲ್ಪ ಬದಲಾದರೂ ಛಾಯೆ ಬದಲಾಗುತ್ತದೆ. ಮೂರು ಪದರದ ಪರ್ಲ್ ಬಿಳಿಯಲ್ಲಿ ಇನ್ನೂ ಕಷ್ಟ, ಪಕ್ಕದ ಪ್ಯಾನೆಲ್ಲಿಗೂ ಬಣ್ಣ ಹರಡಿಸಬೇಕಾಗುತ್ತದೆ. ಡೆಂಟ್ ಪ್ಯಾನೆಲ್ಲಿನ ಚೂಪು ಗೆರೆಯ ಮೇಲೆ ಬಿದ್ದಿದ್ದರೆ, ಲೋಹ ಹಿಗ್ಗಿದ್ದರೆ, ಪ್ಯಾನೆಲ್ ಅಲ್ಯೂಮಿನಿಯಮ್ಮಿನದಾಗಿದ್ದರೆ ಸರಳಿನಿಂದ ಒತ್ತಿ ತೆಗೆಯುವುದು ಕಷ್ಟ. ಆಗ ತಂತ್ರಜ್ಞ ‘ಇದು ಬಾಡಿ ಶಾಪ್ ಕೆಲಸ’ ಎಂದು ಬರೆಯುತ್ತಾನೆ. ಕೆಲವು ಪಾಲಿಸಿಗಳು ಅಂಥ ಸಂದರ್ಭದಲ್ಲಿ ಒಂದು ನಿಗದಿತ ಮೊತ್ತ ಕೊಡುತ್ತವೆ, ಉಳಿದದ್ದು ನಿಮ್ಮ ಮೇಲೆ. ಕೆಲವು ಏನೂ ಕೊಡುವುದಿಲ್ಲ. ಕೊಳ್ಳುವ ಮುಂಚೆ ಈ ಒಂದು ಸಾಲನ್ನು ಹುಡುಕಿ ಓದಿ.

ಬಂಪರಿನ ಹಿಂದೆ ರೇಡಾರ್ ಇರುವ ಕಾರುಗಳ ಬಗ್ಗೆ ಒಂದು ಎಚ್ಚರಿಕೆ. ಪಕ್ಕದ ಲೇನಿನ ವಾಹನ ಗುರುತಿಸುವ ರೇಡಾರ್ ಸಾಮಾನ್ಯವಾಗಿ ಹಿಂದಿನ ಬಂಪರಿನ ಎರಡು ಮೂಲೆಗಳಲ್ಲೇ ಕೂತಿರುತ್ತದೆ, ಗೀರು ಬೀಳುವುದೂ ಅಲ್ಲೇ. ಆ ಜಾಗದಲ್ಲಿ ಪುಟ್ಟಿ ಹಾಕಿದರೆ, ಪೇಂಟಿನ ದಪ್ಪ ಹೆಚ್ಚಾದರೆ ಅಲೆಗಳಿಗೆ ತೊಡಕು. ಹಾಗಾಗಿ ತಯಾರಕರು ಅಲ್ಲಿ ಎಂಥ ರಿಪೇರಿ ಮಾಡಬಹುದು ಎಂದು ನಿಯಮ ಇಡುತ್ತಾರೆ. ರಿಪೇರಿಯವರನ್ನು ಮೊದಲೇ ಕೇಳಿ, ಕ್ಯಾಲಿಬ್ರೇಶನ್ (ರೇಡಾರನ್ನು ಮತ್ತೆ ಸರಿಹೊಂದಿಸುವುದು) ಬೇಕಾದರೆ ಅದರ ಖರ್ಚು ಯಾರದು ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಹಾಗಾದರೆ ಯಾರು ಕೊಳ್ಳಬೇಕು? ಮೊದಲನೆಯವರು ಕಾರನ್ನು ಲೀಸಿಗೆ ತೆಗೆದುಕೊಂಡವರು. ವಾಪಸ್ ಕೊಡುವ ದಿನ ಒಂದೊಂದು ಗಾಯಕ್ಕೂ ದಂಡ ಹಾಕುತ್ತಾರೆ, ದರ ನಿಮ್ಮ ಕೈಯಲ್ಲಿ ಇರುವುದಿಲ್ಲ. ಆದರೆ ಇಲ್ಲೂ ಲೀಸ್ ಕರಾರಿನಲ್ಲಿ ಸಹಜ ಸವೆತವೆಂದು ಬಿಡುವ ಅಳತೆಯನ್ನು ಮೊದಲು ನೋಡಿ, ಅದರೊಳಗೇ ಬರುವ ಗೀರಿಗೆ ಕ್ಲೇಮ್ ಬೇಕಿಲ್ಲ. ಎರಡನೆಯವರು ದಿನವೂ ಇಕ್ಕಟ್ಟಿನ ಜಾಗದಲ್ಲಿ, ರಸ್ತೆ ಬದಿಯಲ್ಲಿ ನಿಲ್ಲಿಸುವವರು, ಜೊತೆಗೆ ಒಂದು ಗುಳಿ ಕಂಡರೂ ಅದೇ ವಾರ ಗ್ಯಾರೇಜಿಗೆ ಹೋಗುವ ಸ್ವಭಾವದವರು. ಈ ಎರಡೂ ಒಟ್ಟಿಗೆ ಇರಬೇಕು. ಇವರಿಗೂ ನನ್ನ ಮಿತಿ ಇಷ್ಟೇ: ಪೂರ್ತಿ ಅವಧಿಯ ಪ್ರೀಮಿಯಂ ಎರಡು ರಿಪೇರಿಯ ಖರ್ಚನ್ನು ದಾಟಬಾರದು. ಉಳಿದವರು ಅದೇ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು, ಕಾರಿನ ಪೇಂಟ್ ಕೋಡ್ ಹೇಳಿ ಒಂದು ಟಚ್-ಅಪ್ ಬಾಟಲಿ ತಂದಿಟ್ಟುಕೊಂಡರೆ ಸಾಕು. ಖರ್ಚಾಗದ ದುಡ್ಡು ನಿಮ್ಮದೇ.

ಕೊಳ್ಳುವುದಾದರೆ ಪಾಲಿಸಿಯ ಮೇಲೆ ಯಾರ ಹೆಸರಿದೆ ನೋಡಿ. ಕೆಲವು ‘ಕವರ್’ಗಳು ಇನ್ಶೂರೆನ್ಸೇ ಅಲ್ಲ, ಮಾರುವವರು ತಾವೇ ಕೊಡುವ ಸರ್ವಿಸ್ ಕರಾರು; ಅವರು ಬಾಗಿಲು ಹಾಕಿದರೆ ನಿಮ್ಮ ದುಡ್ಡೂ ಹೋದಂತೆ. ಡೆಲಿವರಿ ದಿನ ಹಗಲು ಬೆಳಕಿನಲ್ಲಿ ಪ್ರತಿ ಪ್ಯಾನೆಲ್ಲಿನ ಫೋಟೋ ತೆಗೆದಿಡಿ, ‘ಇದು ಮೊದಲೇ ಇತ್ತು’ ಎಂಬ ಮಾತಿಗೆ ಅದೇ ಉತ್ತರ. ಪೆಟ್ಟು ಬಿದ್ದಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಅದೇ ದಿನ ತಿಳಿಸಿ. ಅವರು ನೋಡುವ ತನಕ ಪಾಲಿಶ್ ಮಾಡಬೇಡಿ, ಟಚ್-ಅಪ್ ಹಚ್ಚಬೇಡಿ, ಕೈಹಾಕಿದ ಜಾಗವನ್ನು ನಿರಾಕರಿಸಲು ಕಾರಣ ಸಿಕ್ಕಿಬಿಡುತ್ತದೆ. ಮೇಲೆ ಪ್ರೊಟೆಕ್ಷನ್ ಫಿಲ್ಮ್ ಹಾಕಿಸಿದ್ದರೆ ರಿಪೇರಿಗಾಗಿ ಅದನ್ನು ಕಿತ್ತು ಹೊಸದು ಹಾಕುವ ಖರ್ಚು ಸೇರಿದೆಯೇ ಎಂದೂ ಕೇಳಿ. ಮುಖ್ಯ ಪಾಲಿಸಿ ನವೀಕರಿಸುವಾಗ ಕ್ಲೇಮ್ ಮಾಡದ ಅಪಘಾತಗಳ ಬಗ್ಗೆಯೂ ಪ್ರಶ್ನೆ ಇದ್ದರೆ ನಿಜವನ್ನೇ ಬರೆಯಿರಿ. ಈ ಕವರಿನಲ್ಲಿ ಮುಗಿದುಹೋಯಿತು ಎಂದು ಬಿಟ್ಟರೆ ಮುಂದೆ ದೊಡ್ಡ ಕ್ಲೇಮಿಗೇ ಕುತ್ತು ಬರಬಹುದು.

ಈಗಾಗಲೇ ಸಹಿ ಹಾಕಿಬಿಟ್ಟವರು ಪಾಲಿಸಿ ತೆರೆದು ಎರಡು ಕಡೆ ನೋಡಿ: ವಾಪಸ್ ಮಾಡುವ ಅವಧಿ ಎಷ್ಟು ದಿನ, ಆಮೇಲೆ ರದ್ದು ಮಾಡಿದರೆ ಉಳಿದ ತಿಂಗಳುಗಳ ದುಡ್ಡು ಬರುತ್ತದೆಯೇ. ಅವಧಿ ಇನ್ನೂ ಇದ್ದು ಟೇಪಿನ ಲೆಕ್ಕ ನಿಮ್ಮ ಪರ ಬರದಿದ್ದರೆ, ಇವತ್ತೇ ಬರವಣಿಗೆಯಲ್ಲಿ ರದ್ದು ಮಾಡಲು ಕೇಳಿ. ಪ್ರೀಮಿಯಂ ಸಾಲದೊಳಗೆ ಸೇರಿದ್ದರೆ ವಾಪಸ್ ಬಂದ ಮೊತ್ತ ಸಾಲಕ್ಕೆ ಜಮಾ ಆಗಿ ಕಂತು ಇಳಿದಿದೆಯೇ ಎಂದು ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಖಾತ್ರಿ ಮಾಡಿಕೊಳ್ಳಿ.