ಎರಡು ಹಳದಿ ಗೆರೆಗಳ ಸಂದು

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ತಂದೆತಾಯಿಯರ ಬಳಿ ಗ್ರ್ಯಾಂಡ್ ಕ್ಯಾನ್ಯನ್ ಎದುರು ನಿಂತ ಫೋಟೊ ಒಂದಾದರೂ ಇರುತ್ತದೆ. ನಮ್ಮದೂ ಇದೆ. ಮಗಳು ಇರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಅಲ್ಲಿಂದ ಕಣಿವೆಗೆ ಹೋಗುವ ದಾರಿಯಲ್ಲಿ ಫ್ಲಾಗ್‌ಸ್ಟಾಫ್ ಎಂಬ ಊರು ಸಿಗುತ್ತದೆ. ಕಳ್ಳಿಗಿಡಗಳ ಮರುಭೂಮಿಯಿಂದ ಎರಡು ಗಂಟೆ ಏರುತ್ತಾ ಹೋದರೆ ಪೈನ್ ಮರಗಳು, ತಂಪು ಗಾಳಿ, ಸುಮಾರು 2,100 ಮೀಟರ್ ಎತ್ತರ. ಹೆಚ್ಚಿನವರು ಅಲ್ಲಿ ಕಾಫಿ ಕುಡಿದು ಮುಂದೆ ಸಾಗುತ್ತಾರೆ. ಕೆಲವು ವರ್ಷಗಳ ಹಿಂದೆ ಹೋದಾಗ ನಾನು ಮೊದಲೇ ಹಟ ಹಿಡಿದಿದ್ದೆ, ಆ ಊರಿನ ಗುಡ್ಡದ ಮೇಲಿರುವ ಲೋವೆಲ್ ವೀಕ್ಷಣಾಲಯವನ್ನು ನೋಡದೆ ನಾನು ಬರುವುದಿಲ್ಲ ಎಂದು. “ರೀ, ರಿಟೈರ್ ಆದ ಮೇಲೂ ನಿಮ್ಮ ಫಿಸಿಕ್ಸ್ ಬಿಡಲಿಲ್ಲವಲ್ಲ” ಎಂದಳು ಹೆಂಡತಿ. ಅಳಿಯ ಜಾಣ, ಏನೂ ಹೇಳದೆ ಕಾರನ್ನು ಗುಡ್ಡದ ಕಡೆ ತಿರುಗಿಸಿದ.

ಗುಡ್ಡದ ಹೆಸರು ಮಾರ್ಸ್ ಹಿಲ್. ಮಂಗಳನ ಮೇಲೆ ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳಿವೆ ಎಂದು ನಂಬಿದ್ದ ಸಿರಿವಂತ ಪರ್ಸಿವಲ್ ಲೋವೆಲ್ 1894ರಲ್ಲಿ ಈ ವೀಕ್ಷಣಾಲಯವನ್ನು ಸ್ಥಾಪಿಸಿದ. ಕಾಲುವೆಗಳು ಸುಳ್ಳಾದವು, ವೀಕ್ಷಣಾಲಯ ಉಳಿಯಿತು. ಈಗ ಅಲ್ಲಿ ಎಲ್ಲೆಲ್ಲೂ ಪ್ಲೂಟೊ. 1930ರಲ್ಲಿ ಕ್ಲೈಡ್ ಟಾಂಬೊ ಅದನ್ನು ಪತ್ತೆ ಹಚ್ಚಿದ್ದು ಅಲ್ಲಿಯೇ ಆದ್ದರಿಂದ ಜನ ಬರುವುದೂ ಅದಕ್ಕೇ, ಅಂಗಡಿಯಲ್ಲಿ ಮಾರಾಟವಾಗುವುದೂ ಅದೇ. ಗ್ರಹಪಟ್ಟ ಕಳೆದುಕೊಂಡ ಮೇಲಂತೂ ಪ್ಲೂಟೊ ಬಗ್ಗೆ ಜನರಿಗೆ ಇನ್ನಷ್ಟು ಮರುಕ. ಮೊಮ್ಮಗ ಒಳಗೆ ಕಾಲಿಟ್ಟ ಕೂಡಲೇ ಪ್ಲೂಟೊ ಚಿತ್ರದ ಅಂಗಿ ಬೇಕೆಂದು ಅಮ್ಮನ ಹಿಂದೆ ಬಿದ್ದ.

ನನಗೆ ಬೇಕಾಗಿದ್ದುದು ಬೇರೆ. ಹಳೆಯ ಗುಂಡು ಕಟ್ಟಡದೊಳಗಿನ ಸಂಗ್ರಹಾಲಯದಲ್ಲಿ ಅದು ಸಿಕ್ಕಿತು. ಅಲ್ಲಿ ಕೆಲಸ ಮಾಡಿದ ಖಗೋಳಜ್ಞ ವೆಸ್ಟೊ ಸ್ಲೈಫರ್ ಬಳಸಿದ ರೋಹಿತಲೇಖಿ, ಎಂದರೆ ಬೆಳಕನ್ನು ಬಣ್ಣಗಳ ಪಟ್ಟಿಯಾಗಿ (ರೋಹಿತವಾಗಿ) ಹರಡಿ ಅದರ ಚಿತ್ರ ಹಿಡಿಯುವ ಸಲಕರಣೆ. ಪಿಟ್ಸ್‌ಬರ್ಗ್‌ನ ಜಾನ್ ಬ್ರೇಶಿಯರ್ ತಯಾರಿಸಿದ ಯಂತ್ರ. ಜನ ಅದರತ್ತ ಒಂದು ಕ್ಷಣ ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದರು. ಅವರನ್ನು ದೂರುವಂತಿಲ್ಲ, ನೋಡಲು ಅದೇನೂ ಚೆಂದವಾಗಿಲ್ಲ. ಆದರೆ ವಿಶ್ವ ಹಿಗ್ಗುತ್ತಿದೆ ಎಂಬ ಮಾತಿಗೆ ಮೊದಲ ಪುರಾವೆಗಳು ಹೊರಬಿದ್ದದ್ದು ಅದರೊಳಗಿನಿಂದ.

ನಾನು ಪಾಠ ಮಾಡಿದ್ದು ಜಿಲ್ಲಾ ಕೇಂದ್ರವೊಂದರ ಡಿಗ್ರಿ ಕಾಲೇಜಿನಲ್ಲಿ. ಡಾಪ್ಲರ್ ಪರಿಣಾಮವೆಂದರೆ ಹತ್ತಿರ ಬರುವ ರೈಲಿನ ಸೀಟಿ, ದೂರ ಹೋಗುವ ರೈಲಿನ ಸೀಟಿ. ಬೆಳಕಿನಲ್ಲಾದರೆ ಹತ್ತಿರ ಬರುವ ವಸ್ತುವಿನ ರೋಹಿತದ ಗೆರೆಗಳು ನೀಲಿಯ ಕಡೆ, ದೂರ ಹೋಗುವುದರವು ಕೆಂಪಿನ ಕಡೆ ಸರಿಯುತ್ತವೆ. ಆಮೇಲೆ, ಗೆಲಾಕ್ಸಿ ದೂರವಿದ್ದಷ್ಟೂ ವೇಗವಾಗಿ ದೂರ ಸರಿಯುತ್ತದೆ ಎಂದು ತೋರಿಸಿದ ಖಗೋಳಜ್ಞ ಹಬಲ್, ಅವನ 1929ರ ಪ್ರಬಂಧ. ಪಠ್ಯದಲ್ಲಿ ಅಷ್ಟೇ. ಹಬಲ್‌ನ ನಕ್ಷೆಯ ಒಂದು ಅಕ್ಷದಲ್ಲಿ ದೂರ, ಇನ್ನೊಂದರಲ್ಲಿ ವೇಗ. ದೂರ ಅವನದು, ಸರಿ. ವೇಗಗಳಲ್ಲಿ ಬಹುಪಾಲು ಸ್ಲೈಫರ್ ಅಳೆದವು. ಆ ಪ್ರಬಂಧದಲ್ಲಿ ಅದನ್ನು ಹಬಲ್ ಸ್ಪಷ್ಟವಾಗಿ ಹೇಳಿರಲಿಲ್ಲ. 1953ರಲ್ಲಿ, ತನ್ನ ಕೊನೆಯ ವರ್ಷದಲ್ಲಿ, ಸ್ಲೈಫರ್‌ಗೆ ಬರೆದ ಪತ್ರದಲ್ಲಿ ನಿಮ್ಮ ವೇಗಗಳು ಮತ್ತು ನನ್ನ ದೂರಗಳು ಸೇರಿ ಆದದ್ದು ಎಂದು ಒಪ್ಪಿಕೊಂಡ. ಇಪ್ಪತ್ತನಾಲ್ಕು ವರ್ಷ ತಡವಾಗಿ, ಅದೂ ಖಾಸಗಿ ಪತ್ರದಲ್ಲಿ!

ಸ್ಲೈಫರ್‌ಗೆ ಈ ಕೆಲಸ ಬಂದ ಬಗೆಯೇ ವಿಚಿತ್ರ. ಸುರುಳಿ ನೀಹಾರಿಕೆಗಳೆಂದರೆ (ಈಗ ಅವನ್ನು ಗೆಲಾಕ್ಸಿಗಳು ಎನ್ನುತ್ತೇವೆ) ಹುಟ್ಟುತ್ತಿರುವ ಸೌರವ್ಯೂಹಗಳಿರಬಹುದು ಎಂಬ ಎಣಿಕೆಯಿಂದ ಲೋವೆಲ್ 1909ರಲ್ಲಿ ಅವುಗಳ ರೋಹಿತ ತೆಗೆಯಲು ಹೇಳಿದ. (ಅದೇ ವರ್ಷ ನಮ್ಮ ಕೊಡೈಕನಾಲ್‌ನಲ್ಲಿ ಜಾನ್ ಎವರ್‌ಶೆಡ್ ಇದೇ ಬಗೆಯ ಗೆರೆಗಳ ಪಲ್ಲಟವನ್ನು ಸೌರಕಲೆಗಳಲ್ಲಿ ಕಂಡು, ಅಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತಿದೆ ಎಂದು ತೋರಿಸಿದ್ದ.) ಸೂರ್ಯನ ಬೆಳಕಾದರೆ ಬೇಕಾದಷ್ಟು ಸಿಗುತ್ತದೆ. ನೀಹಾರಿಕೆಯ ಬೆಳಕು ಮೊದಲೇ ಮಬ್ಬು, ಅದನ್ನು ಬಣ್ಣಗಳಾಗಿ ಹರಡಿದರೆ ಉಳಿಯುವುದು ಇನ್ನೂ ಕಡಿಮೆ. ಲೋವೆಲ್‌ನಲ್ಲಿದ್ದ 24 ಅಂಗುಲದ ದೂರದರ್ಶಕಕ್ಕೆ ಅದು ಮೀರಿದ ಕೆಲಸ ಎಂದು ಯಾರಿಗಾದರೂ ಅನ್ನಿಸಬೇಕು, ಸ್ಲೈಫರ್‌ಗೂ ಅನ್ನಿಸಿತ್ತು. ಆದರೆ ಅವನು ಕುಳಿತು ಯೋಚಿಸಿದ. ನಕ್ಷತ್ರವಾದರೆ ಚುಕ್ಕೆ, ದೊಡ್ಡ ಮಸೂರ ಹೆಚ್ಚು ಬೆಳಕನ್ನು ಆ ಚುಕ್ಕೆಗೇ ತುಂಬುತ್ತದೆ. ನೀಹಾರಿಕೆ ಹರಡಿಕೊಂಡ ವಸ್ತು. ದೂರದರ್ಶಕ ದೊಡ್ಡದಾದಂತೆ ಬಿಂಬವೂ ದೊಡ್ಡದಾಗುತ್ತದೆ, ಪ್ರಖರವಾಗುವುದಿಲ್ಲ. ಆದ್ದರಿಂದ ಮುಖ್ಯವಾದದ್ದು ದೂರದರ್ಶಕದ ಗಾತ್ರವಲ್ಲ, ರೋಹಿತವನ್ನು ಛಾಯಾಚಿತ್ರದ ಫಲಕದ ಮೇಲೆ ಮೂಡಿಸುವ ಪುಟ್ಟ ಕ್ಯಾಮೆರಾದ ವೇಗ, ಎಂದರೆ ಅದು ಎಷ್ಟು ಬೇಗ ಬೆಳಕು ಹಿಡಿಯುತ್ತದೆ ಎಂಬುದು. ಮೂರು ಪ್ರಿಸಂಗಳ ಬದಲು ಒಂದೇ ಒಂದನ್ನು ಇಟ್ಟ, ಬೆಳಕು ಒಳಬರುವ ಸೀಳುಗಂಡಿಯನ್ನು ಅಗಲ ಮಾಡಿದ, ಎಫ್ 2.5ರ ವೇಗದ ಮಸೂರವನ್ನು ಜೋಡಿಸಿದ. ಸಲಕರಣೆ ಸಾಲದೆಂದು ಕೈಚೆಲ್ಲದೆ ಇದ್ದುದರಲ್ಲೇ ದಾರಿ ಹುಡುಕುವ ಈ ಬಗೆ ಕಾಲೇಜು ಪ್ರಯೋಗಾಲಯ ನಡೆಸಿದ ಯಾರಿಗಾದರೂ ಹತ್ತಿರದ್ದು ಅನ್ನಿಸುತ್ತದೆ.

1912ರ ಸೆಪ್ಟೆಂಬರ್ 17ರ ರಾತ್ರಿ ಆಂಡ್ರೊಮಿಡಾ ಎಂಬ ಸುರುಳಿ ನೀಹಾರಿಕೆಯ ಕಡೆ ಯಂತ್ರ ತಿರುಗಿಸಿ 6 ಗಂಟೆ 50 ನಿಮಿಷ ಬೆಳಕು ಹಿಡಿದ. ಗೆರೆಗಳು ಕಂಡವು. ಆದರೆ ಅವು ಇರಬೇಕಾದ ಜಾಗದಲ್ಲಿರಲಿಲ್ಲ. ಡಿಸೆಂಬರ್ ಆರಂಭದಲ್ಲಿ ಎರಡು ರಾತ್ರಿ ಸೇರಿಸಿ ಹದಿಮೂರೂವರೆ ಗಂಟೆಯ ಇನ್ನೊಂದು ಫಲಕ. ವರ್ಷದ ಕೊನೆಗೆ 29ರಿಂದ 31ರವರೆಗೆ ಮೂರು ರಾತ್ರಿಗಳ ಮತ್ತೊಂದು. ಅಷ್ಟು ಎತ್ತರದ ಊರಿನ ಡಿಸೆಂಬರ್ ಚಳಿ, ತೆರೆದ ಗುಮ್ಮಟ, ಗುರಿಯಿಂದ ಕಣ್ಣು ಕದಲಿಸುವಂತಿಲ್ಲ. ಕೊನೆಗೆ ಫಲಕದ ಮೇಲೆ ಸಿಗುವುದು ಬೆರಳಿನ ಅಗಲವೂ ಇಲ್ಲದ ಮಸುಕಾದ ಪಟ್ಟಿ. ಅದರ ಅಕ್ಕಪಕ್ಕದಲ್ಲಿ ಹೋಲಿಕೆಗಾಗಿ ಇಲ್ಲಿನ ಲೋಹದ ಕಿಡಿಯ ಗೆರೆಗಳು. ಸೂಕ್ಷ್ಮದರ್ಶಕದ ಕೆಳಗಿಟ್ಟು, ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಅಳೆಯಬೇಕು. ಅಳೆದಾಗ ಬಂದ ಉತ್ತರ: ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೆ ಬರುತ್ತಿದೆ.

ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ನಾನು ಲೆಕ್ಕ ಹಾಕತೊಡಗಿದೆ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. 300 ಅದರ ಸಾವಿರದ ಒಂದು ಭಾಗ. ಹಾಗಾದರೆ ಪ್ರತಿ ಗೆರೆಯೂ ತನ್ನ ತರಂಗದೂರದ ಸಾವಿರದ ಒಂದು ಭಾಗದಷ್ಟು ನೀಲಿಯ ಕಡೆ ಸರಿದಿರಬೇಕು. ಸ್ಲೈಫರ್ ನೋಡಿದ್ದು ನೇರಳೆ ಭಾಗವನ್ನು, ಅಲ್ಲಿ ಅದು 0.4 ನ್ಯಾನೊಮೀಟರ್. ಆದರೆ ನನ್ನ ಚಾಳಿ ಸೋಡಿಯಂನದು. ಹಳದಿಯ 589 ನ್ಯಾನೊಮೀಟರಿಗೆ ಹಾಕಿದೆ: 0.589. ಅಲ್ಲೇ ನಿಂತುಬಿಟ್ಟೆ.

ಸೋಡಿಯಂ ದೀಪದ ಹಳದಿ ಒಂದು ಗೆರೆಯಲ್ಲ, ಎರಡು. 589.0 ಮತ್ತು 589.6. ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಒತ್ತೊತ್ತಾಗಿ ಗೀರಿದ ಫಲಕ) ಪ್ರಯೋಗದಲ್ಲಿ ಅವನ್ನು ಬೇರೆ ಬೇರೆಯಾಗಿ ಕಾಣುವುದು ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆಯೇ. ದೀಪ ಬಿಸಿಯಾಗುವವರೆಗೆ ಕಾಯಬೇಕು, ಸೀಳುಗಂಡಿ ತೀರ ಕಿರಿದಾಗಬೇಕು, ಸ್ಪೆಕ್ಟ್ರೋಮೀಟರಿನ ಮೂರು ತಿರುಪುಗಳೂ ಮಟ್ಟಕ್ಕೆ ಬರಬೇಕು. ಯಾರೋ ಒಬ್ಬ ಹುಡುಗಿ “ಸರ್, ಎರಡಾಯಿತು!” ಎಂದು ಕೂಗಿದರೆ ಇಡೀ ಬ್ಯಾಚ್ ಅವಳ ಮೇಜಿನ ಸುತ್ತ ಸೇರುತ್ತಿತ್ತು. ಆ ಎರಡು ಗೆರೆಗಳ ನಡುವಿನ ಸಂದು 0.6 ನ್ಯಾನೊಮೀಟರ್. ಆಂಡ್ರೊಮಿಡಾದ ಗೆರೆ ಸರಿದದ್ದೂ ಹೆಚ್ಚುಕಡಿಮೆ ಅಷ್ಟೇ! ನಾವು ವರ್ಷವರ್ಷವೂ ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಿದ್ದ ಆ ಸಂದಿನೊಳಗೆ ಒಂದು ಗೆಲಾಕ್ಸಿಯ ವೇಗ ಸರಿಯಾಗಿ ಹಿಡಿಸುತ್ತದೆ. ಪಠ್ಯ ಬರೆದವರು ಯಾರೂ ಈ ಮಾತು ಹೇಳಿರಲಿಲ್ಲ.

“ತಾತ, ಅದು ನಮಗೆ ಡಿಕ್ಕಿ ಹೊಡೆಯುತ್ತದಾ?” ಎಂದ, ಪ್ಲೂಟೊ ಅಂಗಿ ಗಿಟ್ಟಿಸಿಕೊಂಡು ಬಂದಿದ್ದ ಮೊಮ್ಮಗ. 300ರಲ್ಲಿ ಹೆಚ್ಚಿನ ಪಾಲು ಅದರದ್ದಲ್ಲ, ಸೂರ್ಯ ನಮ್ಮನ್ನೆಲ್ಲ ಹೊತ್ತುಕೊಂಡು ಕ್ಷೀರಪಥದ ಕೇಂದ್ರದ ಸುತ್ತ ಓಡುವ ವೇಗ. ಅದನ್ನು ಕಳೆದರೆ ಉಳಿಯುವುದು ಸುಮಾರು 110, ಹೊಡೆದರೂ ಶತಕೋಟಿಗಟ್ಟಲೆ ವರ್ಷಗಳ ಮೇಲೆ ಎಂದೆ. ಅವನ ಆಸಕ್ತಿ ಅಲ್ಲಿಗೇ ಮುಗಿಯಿತು.

ನನಗೆ ಸೋಜಿಗವೆಂದರೆ, ಹಿಗ್ಗುವ ವಿಶ್ವದ ಕಥೆಯಲ್ಲಿ ಮೊದಲು ಅಳೆದ ಗೆಲಾಕ್ಸಿಯೇ ಹತ್ತಿರ ಬರುತ್ತಿತ್ತು. ದೊಡ್ಡ ಶೋಧ ಮಾಡಿದಂತಿದೆ, ಖಚಿತಪಡಿಸಲು ಇನ್ನಷ್ಟು ಸುರುಳಿಗಳನ್ನು ನೋಡು ಎಂದು ಲೋವೆಲ್ ಬರೆದ. ಮುಂದಿನ ಸಾಲಿನಲ್ಲಿ ಬಂದ ಸಾಂಬ್ರೆರೊ ನೀಹಾರಿಕೆ ಸೆಕೆಂಡಿಗೆ ಸಾವಿರ ಕಿಲೋಮೀಟರಿನಷ್ಟು ವೇಗದಲ್ಲಿ ದೂರ ಓಡುತ್ತಿತ್ತು. ಅದರ ಗೆರೆಗಳು ಓರೆಯಾಗಿದ್ದುದರಿಂದ ಅದು ತಿರುಗುತ್ತಿರುವುದೂ ತಿಳಿಯಿತು. 1914ರಲ್ಲಿ ಖಗೋಳಜ್ಞರ ಸಭೆಯಲ್ಲಿ ಸ್ಲೈಫರ್ 15 ನೀಹಾರಿಕೆಗಳ ವೇಗವನ್ನು ಓದಿದಾಗ ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. 1917ರ ಹೊತ್ತಿಗೆ 25. ಅವುಗಳಲ್ಲಿ 21 ದೂರ ಹೋಗುತ್ತಿದ್ದವು. ಏಕೆ ಎಂಬ ಉತ್ತರಕ್ಕೆ ದೂರದ ಅಳತೆ ಬೇಕಿತ್ತು, ಅದು ಅವನಲ್ಲಿರಲಿಲ್ಲ. ದೂರದ ಗೆಲಾಕ್ಸಿಗಳ ವಿಷಯದಲ್ಲಿ ರೈಲಿನ ಸೀಟಿಯ ಉದಾಹರಣೆಯೂ ಪೂರ್ತಿ ಸರಿಯಲ್ಲ. ಅಲ್ಲಿ ನಡುವಿನ ಜಾಗವೇ ಹಿಗ್ಗುತ್ತಾ ಬೆಳಕಿನ ಅಲೆಯನ್ನು ಎಳೆಯುತ್ತದೆ.

ರಾತ್ರಿ ಅದೇ ಊರಿನಲ್ಲಿ ಉಳಿದೆವು. ಫ್ಲಾಗ್‌ಸ್ಟಾಫ್ 1958ರಲ್ಲೇ ಸರ್ಚ್‌ಲೈಟುಗಳನ್ನು ನಿಷೇಧಿಸಿದ ಊರು. ಆಗ ಬೀದಿಯಲ್ಲಿ ಸೋಡಿಯಂ ದೀಪಗಳಿದ್ದವು. ಬೆಳಕೆಲ್ಲ ಹಳದಿಯ ಆ ಒಂದೇ ಜಾಗದಲ್ಲಿದ್ದರೆ ಖಗೋಳಜ್ಞರು ಅದನ್ನು ಸುಲಭವಾಗಿ ಸೋಸಬಹುದೆಂಬ ಏರ್ಪಾಡು. ಪರ್ಸಿನಲ್ಲಿ ಸದಾ ಇರುವ ಪ್ಲಾಸ್ಟಿಕ್ ಗ್ರೇಟಿಂಗ್ ತುಂಡನ್ನು ಕಣ್ಣಿಗೆ ಹಿಡಿದೆ. ಅಷ್ಟು ಸಾದಾ ತುಂಡಿನಲ್ಲಿ ಗೆರೆ ಎರಡಾಗುವುದಿಲ್ಲ. ಕಾಮನಬಿಲ್ಲೂ ಇಲ್ಲ, ದೀಪದ ಪಕ್ಕ ಇನ್ನೊಂದು ಹಳದಿ ದೀಪ, ಅಷ್ಟೇ.

ಹೋಟೆಲಿಗೆ ಬಂದವನೇ ಈಗ ಲ್ಯಾಬ್ ನೋಡಿಕೊಳ್ಳುವ ಹಳೆಯ ಶಿಷ್ಯನಿಗೆ ವಾಟ್ಸ್‌ಆ್ಯಪ್ ಮಾಡಿದೆ: ವೈವಾದಲ್ಲಿ ಇನ್ನು ಮುಂದೆ ಒಂದು ಪ್ರಶ್ನೆ ಸೇರಿಸು, ಆ ಎರಡು ಗೆರೆಗಳ ಸಂದು ಪಲ್ಲಟವಾಗಿದ್ದರೆ ವೇಗ ಎಷ್ಟು ಎಂದು. ಅಲ್ಲಿ ಆಗ ಬೆಳಿಗ್ಗೆ. ಉತ್ತರ ಬೇಗನೆ ಬಂತು: “ಖಂಡಿತ ಕೇಳುತ್ತೇನೆ ಸರ್. ಆದರೆ ಸೋಡಿಯಂ ದೀಪ ಕೆಟ್ಟಿದೆ, ಇಂಡೆಂಟ್ ಹಾಕಿದ್ದೇವೆ, ಇನ್ನೂ ಮಂಜೂರಾಗಿಲ್ಲ.”